ಬಾಯಿ ಮುಚ್ಚಿದ ಮಣ್ಣೆತ್ತುಗಳು

ಕೊಕ್ಕನೂರು
೧೨ ಜೂನ್ ೨೦೨೪

ಪ್ರೀತಿಯ ನಯನಾ,

ನಿನ್ನ ಪತ್ರ ಮೊನ್ನೆ ಕೈಸೇರಿತು. ಈ ಕಾಲದಲ್ಲೂ ಪತ್ರವೇ ಎಂದು ಪೋಸ್ಟಿನ ಖಾಜಾ ಹುಸೇನ್ ಪ್ರತಿ ಸಲ ನಗುತ್ತಾನೆ. ನನ್ನ ಫೋನಿನ ಹೊಟ್ಟೆ ತುಂಬಾ ಇಲಾಖೆಯ ಸಾಮಾನೇ ತುಂಬಿದೆ, ಮಕ್ಕಳ ತೂಕ, ಎತ್ತರ, ಮೊಟ್ಟೆ ತಿನ್ನುವ ಫೋಟೊ. ಮನಸ್ಸಿನ ಮಾತಿಗೆ ಅಲ್ಲಿ ಜಾಗವಿಲ್ಲ ಮಾರಾಯ ಎಂದೆ ಅವನಿಗೆ.

ದಾವಣಗೆರೆಯಲ್ಲಿ ನಿನ್ನ ಸ್ಕೂಲು ಶುರುವಾಯಿತಲ್ಲ, ಓದಿ ಎಷ್ಟು ಖುಷಿಯಾಯಿತು ಅಂದರೆ ಎದ್ದು ಒಂದು ಲೋಟ ನೀರು ಕುಡಿದೆ. ಹದಿನೈದು ವರ್ಷದ ಹಿಂದೆ ಶಿಶುವಿಹಾರದ ಟ್ರೈನಿಂಗಿಗೆ ಬಂದು ನಿಮ್ಮ ಮನೆಯ ಹಿತ್ತಿಲ ಕೋಣೆಯಲ್ಲಿ ಬಾಡಿಗೆಗೆ ಇದ್ದವಳು ನಾನು. ಸಂಜೆ ಚಾಪೆಯ ಮೇಲೆ ಬಿದ್ದುಕೊಂಡು, ಬೆಂಚೇ ಇಲ್ಲದ ಸ್ಕೂಲು ಕಟ್ಟಬೇಕು ಎಂದು ಇಬ್ಬರೂ ಬಾಯಿ ನೋಯುವಷ್ಟು ಮಾತಾಡುತ್ತಿದ್ದೆವು. ನಿಮ್ಮಮ್ಮ ಮರುಳಸಿದ್ದಮ್ಮನವರು ನರ್ಗೀಸ್ ಮಂಡಕ್ಕಿ ತಟ್ಟೆ ತಂದಿಟ್ಟು, "ಮೊದ್ಲು ತಿನ್ರಿ, ಆಮ್ಯಾಲೆ ಸ್ಕೂಲು ಕಟ್ರಿ" ಅನ್ನುತ್ತಿದ್ದರು. ಆ ಮಂಡಕ್ಕಿಗೆ ನಾನು ಒಂದು ದಿನವೂ ಕಾಸು ಕೊಟ್ಟವಳಲ್ಲ. ನೀನು ಮಕ್ಕಳ ತಲೆ ಸವರಿ "ಜಾಣಮರೀ..." ಎಂದು ರಾಗ ಎಳೆಯುತ್ತಿದ್ದೆಯಲ್ಲ, ಈಗಲೂ ಎಳೆಯುತ್ತೀಯಾ?

ನಿನ್ನ ಟೀಚರುಗಳಿಗೆ ಓದಿ ಹೇಳಲು ನನ್ನ ಅಂಗನವಾಡಿಯ ಆಟದ ಬಗ್ಗೆ ಬರೆ ಅಂದಿದ್ದೀಯ. ಈ ವಿಷಯಕ್ಕೆ ನನ್ನನ್ನು ಕೆಣಕಿದರೆ ನಿಲ್ಲಿಸುವುದು ಕಷ್ಟ, ಅನುಭವಿಸು.

ಇಲ್ಲಿ ಹತ್ತೊಂಬತ್ತು ಮಕ್ಕಳು. ಹೊಸದಾಗಿ ಬಂದದ್ದು ಮೊದಲ ವಾರ ಗೋಡೆಗಾತು ಕೂತು ಬರೀ ನೋಡುತ್ತದೆ. ನೋಡುವುದೂ ಆಟವೇ, ನಾನು ಅದನ್ನು ಎಬ್ಬಿಸುವುದಿಲ್ಲ. ಆಮೇಲೆ ತನ್ನಷ್ಟಕ್ಕೆ ಒಂದು ಡಬ್ಬಿ ಹಿಡಿದು ಮೂಲೆ ಸೇರುತ್ತದೆ. ಇನ್ನೊಂದು ತಿಂಗಳಿಗೆ ಎರಡು ಮಕ್ಕಳು ಪಕ್ಕಪಕ್ಕದಲ್ಲಿ ಗುಬ್ಬಿಗೂಡು ಕಟ್ಟುತ್ತವೆ, ಪಾದದ ಮೇಲೆ ಒದ್ದೆ ಮರಳು ಬಡಿದು ಮೆಲ್ಲಗೆ ಕಾಲು ಎಳೆದು. ಮಾತಿಲ್ಲ, ಆದರೆ ಕಣ್ಣು ಪಕ್ಕದ ಗೂಡಿನ ಮೇಲೇ. ಒಂದು ದಿನ ಇದರ ಗೂಡು ಕುಸಿಯುತ್ತದೆ, ಅದು ಮರಳು ಕೊಡುತ್ತದೆ. ಅಲ್ಲಿಂದ ಮುಂದೆ ಇಬ್ಬರದೂ ಒಂದೇ ಊರು. ಯಾವುದನ್ನೂ ನಾನು ಕಲಿಸಲಿಲ್ಲ ನಯನಾ, ದಾರಿಗೆ ಅಡ್ಡ ನಿಲ್ಲಲಿಲ್ಲ ಅಷ್ಟೇ.

ತಾಯಂದಿರು ಬಾಗಿಲಲ್ಲಿ ನಿಂತು, "ಬರೀ ಆಡಸ್ತೀರಲ್ರೀ" ಎಂದು ಮೂಗು ಮುರಿಯುತ್ತಾರೆ. ಹೌದ್ರೀ ಅನ್ನುತ್ತೇನೆ. ಕುಂಟೆಬಿಲ್ಲೆ ಹಾರಿದರೆ ಕಾಲು ಗಟ್ಟಿ, ಮಣ್ಣು ಹಿಸುಕಿದರೆ ಬೆರಳು ಗಟ್ಟಿ, ಸುಳ್ಳುಸುಳ್ಳೇ ಅಡುಗೆ ಮಾಡಿ ನಿಮಗೆ ಬಡಿಸಿದರೆ ನಾಲಿಗೆ ಗಟ್ಟಿ. ನನ್ನ ಅಂಗನವಾಡಿಯಲ್ಲಿ ಐದು ತುಂಬುವ ತನಕ ಯಾರ ಕೈಗೂ ಬಳಪ ಕೊಡುವುದಿಲ್ಲ, ದಿನವಿಡೀ ಮಣ್ಣಾಡಿಸುತ್ತೇನೆ. ಬೇಕಾದರೆ ಬೋರ್ಡು ಬರೆದು ತೂಗು ಹಾಕುತ್ತೇನೆ.

ಒಬ್ಬಳು ಮಾತ್ರ ನನ್ನನ್ನು ಕಾಡುತ್ತಿದ್ದಾಳೆ. ಕೃತಿಕಾ, ಮೂರೂವರೆ ವರ್ಷ. ಟ್ರ್ಯಾಕ್ಟರ್ ಓಡಿಸುವ ತಿಮ್ಮೇಶನ ಮಗಳು. ಆಟದ ಮರಳು ಸುರಿದು ಹೋದವನೂ ಅವನೇ. ಮನೆಯಲ್ಲಿ ಅಜ್ಜನ ಕಿವಿಯಲ್ಲಿ ಎರಡು ಮಾತು, ಇಲ್ಲಿ ಅದೂ ಇಲ್ಲ. ನೀರಿನ ಬಕೆಟ್ಟಿನ ಹತ್ತಿರ ಕೂತು ಲೋಟದಿಂದ ಲೋಟಕ್ಕೆ ನೀರು ಸುರಿಯುತ್ತಾಳೆ, ಒಂದು ಹನಿ ಚೆಲ್ಲುವುದಿಲ್ಲ. ನಾನು ಮಾತಾಡು ಎಂದಿಲ್ಲ. ಪಕ್ಕದಲ್ಲಿ ಕೂತು ನಾನೂ ಸುರಿಯುತ್ತೇನೆ. ಕಾಯುತ್ತಿದ್ದೇನೆ.

ನಿನ್ನ
ಪ್ರೇಮಲತಾ


ದಾವಣಗೆರೆ
೨೮ ಜೂನ್ ೨೦೨೪

ಪ್ರೇಮಕ್ಕ,

ನಿನ್ನ ಪತ್ರ ಟೀಚರುಗಳ ಮುಂದೆ ಓದಿದೆ. ಗುಬ್ಬಿಗೂಡಿನ ಕಡೆ ಬಂದಾಗ ಒಬ್ಬಳು ಕಣ್ಣೊರೆಸಿಕೊಂಡಳು. ಇಂಥದ್ದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ ಮೇಡಂ ಅಂದಳು. ಅಮ್ಮನಿಗೂ ಹೇಳಿದೆ. ನಿನ್ನನ್ನು ಕರೆದುಕೊಂಡು ಬಾ ಎಂದು ಒಂದೇ ಹಟ.

ಇವರಿಗೆ ಮಾತ್ರ ಅದು ಅಷ್ಟು ಹಿಡಿಸಲಿಲ್ಲ. ಆಟ ಸರಿ, ಪೇರೆಂಟ್ಸ್ ಕೈಗೆ ತೋರಿಸೋಕೆ ಏನಾದರೂ ಬೇಕಲ್ಲ ಅನ್ನುತ್ತಾರೆ. ಶಿವಕುಮಾರರ ಲೆಕ್ಕಾಚಾರ ನಿನಗೆ ಗೊತ್ತಲ್ಲ, ಅಂಗಡಿಯವರ ಮನೆತನ. ನಾನು ನಿಧಾನವಾಗಿ ದಾರಿಗೆ ತರುತ್ತೇನೆ.

ಅಂದಹಾಗೆ ಒಂದು ಉಪಕಾರ ಆಗಬೇಕು. ನಿಮ್ಮ ಕಡೆ ಹಳ್ಳಿ ಮಕ್ಕಳು ಏನೇನು ಆಡುತ್ತಾರೆ ಎಂದು ಒಂದು ಸಣ್ಣ ಸಮೀಕ್ಷೆ ಮಾಡೋಣ ಅಂತಿದ್ದೇನೆ. ನಿನ್ನಲ್ಲಿರುವ ಮಕ್ಕಳ ಮನೆಯ ಯಜಮಾನರ ಹೆಸರು, ಫೋನ್ ನಂಬರ್ ಬರೆದು ಕಳಿಸುತ್ತೀಯಾ? ಕೈಯಲ್ಲೇ ಬರೆ. ನಿನ್ನ ಅಕ್ಷರ ನೋಡಿದರೆ ನೀನೇ ಎದುರು ಕೂತ ಹಾಗೆ. ಅವಸರವೇನಿಲ್ಲ.

ನಿನ್ನ ತಂಗಿ
ನಯನಾ


ಕೊಕ್ಕನೂರು
೬ ಜುಲೈ ೨೦೨೪

ನಯನಾ,

ಮೊದಲು ಇದನ್ನು ಓದು, ಮಿಕ್ಕದ್ದು ಆಮೇಲೆ. ಕೃತಿಕಾ ಮಾತಾಡಿದಳು.

ನಿನ್ನೆ ಮಣ್ಣೆತ್ತಿನ ಅಮಾವಾಸ್ಯೆ. ಬೆಳಗ್ಗೆಯೇ ಕಾಲುವೆ ದಂಡೆಯಿಂದ ಎರೆಮಣ್ಣು ತಂದು, ನಾದಿ, ಮಕ್ಕಳ ಮುಂದೆ ಗುಡ್ಡೆ ಹಾಕಿದೆ. ಮನೆಗಳಲ್ಲಿ ಪೂಜೆಗೆ ದೊಡ್ಡವರು ಮಾಡುತ್ತಾರೆ, ಇಲ್ಲಿ ಮಕ್ಕಳೇ ಮಾಡಬೇಕು, ಅದು ನನ್ನ ಪದ್ಧತಿ. ಒಂದರ ಎತ್ತು ಹಂದಿಯ ಹಾಗೆ, ಇನ್ನೊಂದರದ್ದು ಇಡ್ಲಿಯ ಹಾಗೆ. ಕೃತಿಕಾ ಬಕೆಟ್ಟು ಬಿಟ್ಟು ಎದ್ದು ಬಂದಳು. ಅರ್ಧ ಗಂಟೆ ಕೂತು ನಾಲ್ಕು ಕಾಲು, ಎರಡು ಕೊಂಬು, ಕಣ್ಣಿಗೆ ಭತ್ತದ ಕಾಳು. ನಾನು ಬೇರೆ ಕಡೆ ನೋಡುತ್ತಾ ಕೂತೆ. ಆಮೇಲೆ ಆ ಎತ್ತನ್ನು ಪಕ್ಕದ ಮಗುವಿನ ಎತ್ತಿನ ಹತ್ತಿರ ನಿಲ್ಲಿಸಿ, "ಇದಕ್ಕ ನೀರಡಿಕೆ ಆಗೈತೆ, ನಿನ್ನ ಎತ್ತಿಗೂ ಕುಡ್ಸು" ಅಂದಳು.

ಒಂದಲ್ಲ, ಎರಡು ವಾಕ್ಯ. ಪಕ್ಕದ ಮಗುವಿಗೆ ಅದೇನು ದೊಡ್ಡ ವಿಷಯವೇ, ಕುಡಿಸೋಣ ಬಾ ಎಂದು ಎದ್ದಿತು. ನಾನು ಅಡುಗೆ ಕೋಣೆಗೆ ಹೋಗಿ ಅತ್ತೆ. ಸಂಜೆ ಅವಳ ಅಜ್ಜ ಮಾಲತೇಶಪ್ಪನಿಗೆ ಹೇಳಿದರೆ ಮುದುಕ ಟವೆಲ್ಲು ಹೆಗಲಿಂದ ತೆಗೆದು, "ಟೀಚರಮ್ಮ, ನೀವು ಹೇಳಿದ ಕಡಿಗೆ ನಮ್ ಕೂಸು ಬರತೈತೆ, ನಂಗಷ್ಟು ಸಾಕು" ಅಂದ.

ನೀನು ಕೇಳಿದ ಪಟ್ಟಿ ಇದರ ಜೊತೆಗಿದೆ. ರಿಜಿಸ್ಟರಿನಲ್ಲಿರುವುದನ್ನು ಹೊರಗಿನವರಿಗೆ ಕೊಡಬಾರದು ಎಂದು ಇಲಾಖೆಯ ಕಟ್ಟಪ್ಪಣೆ. ನೀನು ಹೊರಗಿನವಳೇ? ಖುಷಿಯಲ್ಲಿದ್ದೆ ನೋಡು, ಬರೀ ಹೆಸರು ಯಾಕೆ ಎಂದು ಪ್ರತಿ ಮಗುವಿನ ಮುಂದೆ ಅದಕ್ಕೆ ಯಾವ ಆಟ ಇಷ್ಟ ಎಂದೂ ಬರೆದಿದ್ದೇನೆ. ಹತ್ತೊಂಬತ್ತು ಹೆಸರು, ಹತ್ತೊಂಬತ್ತು ಆಟ. ನಿನ್ನ ಸಮೀಕ್ಷೆ ಊರಿಗೇ ಮೊದಲಾಗಲಿ.

ಅಮ್ಮನಿಗೆ ನಮಸ್ಕಾರ ಹೇಳು.
ಪ್ರೇಮಕ್ಕ


ಕೊಕ್ಕನೂರು
೨೯ ಮೇ ೨೦೨೫

ಶ್ರೀಮತಿ ನಯನಾ ಶಿವಕುಮಾರ ಅವರಿಗೆ,

ಚಳಿಗಾಲದಲ್ಲಿ ನಾನು ಬರೆದ ಎರಡು ಪತ್ರಕ್ಕೆ ತಮ್ಮಿಂದ ಉತ್ತರ ಬರಲಿಲ್ಲ. ಕೆಲಸದ ಒತ್ತಡವಿರಬೇಕು ಅಂದುಕೊಂಡೆ. ಎಂಥ ಒತ್ತಡ ಎಂದು ನಿನ್ನೆ ತಿಳಿಯಿತು. ಹರಿಹರದಲ್ಲಿ ತಮ್ಮ ಸ್ಕೂಲಿನ ಎರಡನೇ ಶಾಖೆ, ನಮ್ಮೂರಿನ ತನಕ ಹಳದಿ ವ್ಯಾನು.

ಪಾಂಪ್ಲೆಟ್ಟು ನನ್ನ ಅಂಗನವಾಡಿಯ ಬಾಗಿಲಿಗೇ ಅಂಟಿಸಿ ಹೋಗಿದ್ದಾರೆ. ಮೂರು ವರ್ಷಕ್ಕೆ ಬರವಣಿಗೆ, ನಾಲ್ಕಕ್ಕೆ ಇಂಗ್ಲಿಷು. ಅದರ ಕೆಳಗೆ ದಪ್ಪಕ್ಷರದಲ್ಲಿ, "ಒಬ್ಬ ಅಂಗನವಾಡಿ ಕಾರ್ಯಕರ್ತೆಯೇ ಬರೆದ ಮಾತು" ಅಂತ. ಆಮೇಲೆ ಏನಿದೆ ಎಂದು ತಮಗೆ ನೆನಪಿಸಬೇಕಿಲ್ಲ. "ಐದು ತುಂಬುವ ತನಕ ಯಾರ ಕೈಗೂ ಬಳಪ ಕೊಡುವುದಿಲ್ಲ, ದಿನವಿಡೀ ಮಣ್ಣಾಡಿಸುತ್ತೇನೆ." ಅದರ ಕೆಳಗೆ ಪ್ರಶ್ನೆ: ನಿಮ್ಮ ಮಗುವಿನ ಭವಿಷ್ಯ ಮಣ್ಣುಪಾಲಾಗಬೇಕೇ?

ಗುಬ್ಬಿಗೂಡನ್ನು ಬಿಟ್ಟಿದ್ದೀರಿ. ಬೆರಳು ಗಟ್ಟಿಯಾಗುವುದನ್ನೂ ಬಿಟ್ಟಿದ್ದೀರಿ. ನಾನು ಜಂಬದಿಂದ ತಂಗಿಗೆ ಬರೆದ ಒಂದು ಸಾಲನ್ನು ಬೆಣ್ಣೆಯಲ್ಲಿನ ಕೂದಲು ತೆಗೆದ ಹಾಗೆ ತೆಗೆದು ನನ್ನ ಬಾಗಿಲಿಗೇ ಅಂಟಿಸಿದ್ದೀರಿ.

ಅಷ್ಟೇ ಆಗಿದ್ದರೆ ನಾಲ್ಕು ಬೈಗುಳ ಬೈದು ಸುಮ್ಮನಾಗುತ್ತಿದ್ದೆ. ಶಿವಮೂರ್ತಿ ಅಂತ ತಮ್ಮ ಅಡ್ಮಿಷನ್ನಿನವನು ಮನೆಮನೆಗೆ ಬಂದನಲ್ಲ, ಅವನ ಕೈಯಲ್ಲಿ ಇದ್ದದ್ದು ನನ್ನ ಪಟ್ಟಿ. ಝೆರಾಕ್ಸೂ ಅಲ್ಲ, ನನ್ನ ನೀಲಿ ಶಾಯಿಯದ್ದೇ. ನಿಮ್ಮ ಮಗನಿಗೆ ಕುಂಟೆಬಿಲ್ಲೆ ಇಷ್ಟವಂತೆ, ನಿಮ್ಮ ಮೊಮ್ಮಗಳು ನೀರಾಟದಲ್ಲಿ ಮುಂದಂತೆ, ಟೀಚರಮ್ಮನೇ ಬರೆದುಕೊಟ್ಟಿದ್ದಾರೆ ಎಂದು ತೋರಿಸಿದ್ದಾನೆ. ಈ ಊರಿನ ಒಂದೊಂದು ತಾಯಿ ಕಾರ್ಡಿನಲ್ಲೂ ನನ್ನ ಅಕ್ಷರವಿದೆ. ಯಾವ ಚುಚ್ಚುಮದ್ದು ಯಾವ ದಿನ ಎಂದು ಅದನ್ನು ನೋಡಿಯೇ ಅವರು ಮಕ್ಕಳನ್ನು ಎತ್ತಿಕೊಂಡು ಬರುವುದು. ಓದಲು ಬರದವರಿಗೂ ಅದರ ಗುರುತಿದೆ.

ಹನ್ನೆರಡು ಮಕ್ಕಳು ಹೋದವು. ನಾನು ಮಾಲತೇಶಪ್ಪನ ಮನೆಗೆ ಓಡಿದೆ. ಕೃತಿಕಾಳ ಯೂನಿಫಾರ್ಮಿನ ಅಳತೆ ಆಗಿಬಿಟ್ಟಿತ್ತು. ಯಾಕೆ ಹೀಗೆ ಮಾಡಿದಿರಿ ಅಂದರೆ ಮುದುಕ ನನ್ನನ್ನೇ ಪಿಳಿಪಿಳಿ ನೋಡಿದ. "ಅದು ನಿಮ್ ಅಕ್ಷರ ಅಲ್ಲೇನ್ರಿ ಟೀಚರಮ್ಮ? ನೀವ ಕಳ್ಸೀರಿ ಅಂತ ಸೇರಿಸ್ದೆ." ತಿಮ್ಮೇಶ ಫೀಸು ಕಟ್ಟಿ ಬಂದಿದ್ದ, ಇನ್ನು ಬಿಡಿಸಲ್ಲ ಅಂದ. ಅಕ್ಷರ ನನ್ನದಲ್ಲ ಎಂದು ನಾನು ಹೇಗೆ ಹೇಳಲಿ?

ಉಂಡ ಮನೆಗೆ ಎರಡು ಬಗೆಯಬಾರದು ಅಂತಾರೆ. ಉಂಡವಳು ನಾನು, ಬಗೆಯಲಿಲ್ಲ. ಉಣ್ಣಿಸಿದ ಮನೆಯವರೇ ನಂಬಿಸಿ ಕತ್ತು ಕೊಯ್ದರೆ ಏನನ್ನಬೇಕು? ಅದಕ್ಕೆ ನನ್ನ ಹತ್ತಿರ ಗಾದೆ ಇಲ್ಲ.

ಪಟ್ಟಿಯನ್ನು ವಾಪಸು ಕಳಿಸಿಕೊಡಿ.

ಪ್ರೇಮಲತಾ
ಅಂಗನವಾಡಿ ಕಾರ್ಯಕರ್ತೆ


ದಾವಣಗೆರೆ
೯ ಜೂನ್ ೨೦೨೫

ಪ್ರೇಮಕ್ಕ,

ನೀವು, ತಾವು ಎಂದು ಬರೆದೆಯಲ್ಲ, ಅದನ್ನು ಓದಿ ಎರಡು ದಿನ ಊಟ ಸೇರಲಿಲ್ಲ. ಒಂದು ಮಾತು ಕೇಳು. ಪಾಂಪ್ಲೆಟ್ಟು ಬರೆಸಿದ್ದು ಇವರು. ನಿನ್ನ ಪತ್ರ ಆಫೀಸಿನ ಫೈಲಿನಲ್ಲಿತ್ತು, ಯಾವಾಗ ತೆಗೆದರೋ ನನಗೆ ತಿಳಿಯದು. ಪ್ರೂಫು ನನ್ನ ಮುಂದೆ ಬಂದಾಗ ನೋಡಿದೆ, ಸುಳ್ಳು ಹೇಳುವುದಿಲ್ಲ. ನಿನ್ನ ಹೆಸರು ಹಾಕಿರಲಿಲ್ಲವಲ್ಲ ಎಂದು ಸುಮ್ಮನಾದೆ.

ಪಟ್ಟಿಯ ವಿಷಯಕ್ಕೂ ಹಾಗೇ. ಸಮೀಕ್ಷೆ ಮಾಡಬೇಕು ಎಂದೇ ಕೇಳಿದ್ದೆ ಅಕ್ಕ, ಆಣೆ ಮಾಡುತ್ತೇನೆ. ಮಾಡಲಾಗಲಿಲ್ಲ. ಹರಿಹರದ ಕಟ್ಟಡ ಹಿಡಿದ ಮೇಲೆ ಮಕ್ಕಳು ಬರಲೇಬೇಕಿತ್ತು. ಇಲ್ಲಿ ಅಪ್ಪ ಅಮ್ಮಂದಿರು ಮೊದಲ ವಾರವೇ ನೋಟ್‌ಬುಕ್ ಬಿಚ್ಚಿ ನೋಡುತ್ತಾರೆ. ಪುಟ ಖಾಲಿ ಇದ್ದರೆ ಮಗುವನ್ನು ಬಿಡಿಸಿ ಎದುರಿನ ಸ್ಕೂಲಿಗೆ ಹಾಕುತ್ತಾರೆ. ಮರಳಿನ ಗುಂಡಿ ಮಾಡಿಸಿದ್ದೆ, ಯೂನಿಫಾರ್ಮು ಕೊಳೆಯಾಗುತ್ತದೆ ಎಂದು ಗಲಾಟೆ ಮಾಡಿ ಮುಚ್ಚಿಸಿದರು. ನಾನೊಬ್ಬಳೇ ಏನು ಮಾಡಲಿ?

ನೀನು ಹರಿಹರದ ಶಾಖೆಗೆ ಬಂದುಬಿಡು. ಆಟದ ಪೀರಿಯಡ್ಡು ಪೂರ್ತಿ ನಿನ್ನದು, ವಾರಕ್ಕೆ ಮೂರು. ಸಂಬಳ ಅಲ್ಲಿಗಿಂತ ಹೆಚ್ಚು. ನಿನ್ನ ಅಂಗನವಾಡಿಯಿಂದ ಬಂದ ಮಕ್ಕಳೂ ಕಣ್ಣೆದುರಿಗೇ ಇರುತ್ತಾರೆ.

ನಿನ್ನ ತಂಗಿ
ನಯನಾ

ಪಟ್ಟಿ ಶಿವಮೂರ್ತಿ ಹತ್ತಿರವಿದೆ. ಕೇಳಿ ಕಳಿಸುತ್ತೇನೆ.


ಹರಿಹರ
೧೯ ಆಗಸ್ಟ್ ೨೦೨೫

ಪ್ರೇಮಕ್ಕ,

ಜೂನಿನ ಪತ್ರಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯದೇ ಇದ್ದುದು ಸರಿ. ಇದಕ್ಕಾದರೂ ಬರೆ. ನನಗಾಗಿ ಕೇಳುತ್ತಿಲ್ಲ.

ಇಲ್ಲಿಯ ಸಣ್ಣ ಮಕ್ಕಳ ಕ್ಲಾಸು ನಾನೇ ನೋಡಿಕೊಳ್ಳುತ್ತಿದ್ದೇನೆ. ಕೃತಿಕಾ ಸೇರಿದ ದಿನದಿಂದ ಒಂದು ಮಾತೂ ಆಡಿಲ್ಲ. ಮೊದಮೊದಲು ಶಾಂತ ಸ್ವಭಾವದ ಮಗು ಅಂದುಕೊಂಡೆವು. ಹೇಳಿದ ಕಡೆ ಕೂರುತ್ತಾಳೆ, ಕೈ ಹಿಡಿದು ತಿದ್ದಿಸಿದರೆ ತಿದ್ದುತ್ತಾಳೆ, ಬಿಟ್ಟರೆ ಪೆನ್ಸಿಲು ಕೆಳಗೆ ಬೀಳುತ್ತದೆ. ಬಾತ್‌ರೂಮಿಗೆ ಹೋಗಬೇಕು ಎಂದೂ ಹೇಳುವುದಿಲ್ಲ, ಕೂತಲ್ಲೇ ಒದ್ದೆ ಮಾಡಿಕೊಳ್ಳುತ್ತಾಳೆ. ತಿಮ್ಮೇಶ್ ಮೊನ್ನೆ ಬಂದು, ಮನೆಯಲ್ಲೂ ಮಾತು ನಿಂತಿದೆ ಅಂದರು. ದಾವಣಗೆರೆಯಲ್ಲಿ ಡಾಕ್ಟರಿಗೆ ತೋರಿಸಿದ್ದಾರೆ. ಕಿವಿ, ಗಂಟಲು ಎಲ್ಲ ಸರಿಯಾಗಿದೆಯಂತೆ.

ನಿನ್ನ ಹಳೆಯ ಪತ್ರ ತೆಗೆದು ಓದಿದೆ. ಅದರಂತೆ ಒಂದು ಟ್ರೇನಲ್ಲಿ ತೊಳೆದ ಮರಳು ಹಾಕಿಸಿದೆ, ಅಂಗಡಿಯಿಂದ ಬಣ್ಣದ ಎತ್ತುಗಳನ್ನು ತರಿಸಿದೆ. ಬುಧವಾರ ಇಪ್ಪತ್ತು ನಿಮಿಷ ಅವಳ ಮುಂದಿಡುತ್ತೇವೆ. ಮುಟ್ಟುವುದಿಲ್ಲ. ನಾನೇ ಪಕ್ಕದಲ್ಲಿ ಕೂತು ಆಡು ಚಿನ್ನ, ಆಡು ಎಂದು ಬೇಡಿಕೊಂಡೆ.

ನಿನ್ನ ಹತ್ತಿರ ವರ್ಷವಿಡೀ ಚಟಪಟ ಮಾತಾಡುತ್ತಿದ್ದಳು ಎಂದು ಅವಳಜ್ಜ ಹೇಳಿದರು. ಏನು ಮಾಡುತ್ತಿದ್ದೆ, ಹೇಗೆ ಮಾಡುತ್ತಿದ್ದೆ, ಒಂದೊಂದಾಗಿ ಬರೆದು ಕಳಿಸು. ಹಾಗೇ ಮಾಡುತ್ತೇನೆ.

ನಯನಾ


ಕೊಕ್ಕನೂರು
೩೧ ಆಗಸ್ಟ್ ೨೦೨೫, ಭಾನುವಾರ

ನಯನಾ,

ನಿನ್ನ ಪತ್ರ ಬಂದು ಎಂಟು ದಿನವಾಯಿತು. ಮೊದಲ ದಿನ ಓದಿ ಸಿಟ್ಟಿನಲ್ಲಿ ಒಲೆಯ ಪಕ್ಕದಲ್ಲಿಟ್ಟೆ. ನನ್ನ ಮಾತನ್ನು ಮಾರಿಕೊಂಡವಳು ಮತ್ತೆ ನನ್ನ ಮಾತನ್ನೇ ಕೇಳುತ್ತಿದ್ದಾಳಲ್ಲ ಅನ್ನಿಸಿತು. ಒಂದು ಸಾಲು ಬರೆದುಕೊಟ್ಟರೆ ನಾಳೆ ಅದೂ ವ್ಯಾನಿನ ಮೇಲೆ ಬಣ್ಣದಲ್ಲಿ ಬರುತ್ತದೆ ಅಂದುಕೊಂಡೆ. ಆದರೆ ಒದ್ದೆ ಮಾಡಿಕೊಳ್ಳುತ್ತಾಳೆ ಅಂದೆಯಲ್ಲ, ಅದು ನನ್ನನ್ನು ಉಣ್ಣಲೂ ಬಿಡಲಿಲ್ಲ.

ಇವತ್ತು ಬೆಳಗ್ಗೆ ಕಾಲುವೆಯಿಂದ ಎರಡು ಹಿಡಿ ಎರೆಮಣ್ಣು ತೆಗೆದುಕೊಂಡು ಮಾಲತೇಶಪ್ಪನ ಮನೆಗೆ ಹೋದೆ. ಕೃತಿಕಾ ಜಗಲಿಯ ಮೇಲೆ ಕೈಕಟ್ಟಿ ಕೂತಿದ್ದಳು. ರಜದ ದಿನ, ಯಾರೂ ಹೇಳಿರಲಿಲ್ಲ, ಆದರೂ ಕೈ ಕಟ್ಟಿಕೊಂಡೇ. ನನ್ನನ್ನು ನೋಡಿದಳು, ಕಣ್ಣು ಆಚೆ ತಿರುಗಿಸಿದಳು. ನಾನು ಕರೆಯಲಿಲ್ಲ. ಅಂಗಳದಲ್ಲಿ ನೆಲದ ಮೇಲೆ ಕೂತು ಎತ್ತು ಮಾಡತೊಡಗಿದೆ. ಬೇಕೆಂತಲೇ ಕೊಂಬು ಹಚ್ಚಲಿಲ್ಲ. ಅವಳು ತಡೆದಳು, ತಡೆದಳು, ಆಗಲಿಲ್ಲ. ಇಳಿದು ಬಂದು ಎರಡು ಕೊಂಬು ಹಚ್ಚಿದಳು.

ನೀನು ಒಂದೊಂದಾಗಿ ಬರೆದು ಕಳಿಸು ಅಂದದ್ದಕ್ಕೆ ಇದೇ ಉತ್ತರ. ಟ್ರೇ ಮುಂದಿಟ್ಟು ಆಡು ಎಂದು ಬೇಡಿದರೆ ಅದು ಇನ್ನೊಂದು ಪೀರಿಯಡ್ಡು. ಇಪ್ಪತ್ತು ನಿಮಿಷದಲ್ಲಿ ಮಗು ಆಡುವುದಿಲ್ಲ, ಗಡಿಯಾರ ನೋಡುತ್ತದೆ. ಇದು ನಿನಗೆ ಗೊತ್ತಿತ್ತು. ಚಾಪೆಯ ಮೇಲೆ ಬಿದ್ದುಕೊಂಡು ನೀನೇ ನನಗೆ ಹೇಳಿಕೊಟ್ಟದ್ದು ಇದು. ಗೊತ್ತಿಲ್ಲದವರ ಮೇಲೆ ನನಗೆ ಇಷ್ಟು ಸಿಟ್ಟು ಬರುವುದಿಲ್ಲ.

ಮುಂದೆ ಕೇಳು. ಅವಳು ಒಬ್ಬಳೇ ಇನ್ನೂ ಆರು ಎತ್ತು ಮಾಡಿದಳು. ಹೋದ ವರ್ಷದ ಹಾಗೆ ನೀರಿಗೆ ಕರೆದೊಯ್ಯುತ್ತಾಳೆ ಎಂದು ನಾನು ಲೋಟದಲ್ಲಿ ನೀರಿಟ್ಟೆ. ನೀರನ್ನು ನೋಡಲೂ ಇಲ್ಲ. ಏಳನ್ನೂ ಸಾಲಾಗಿ ನಿಲ್ಲಿಸಿ, ಪೊರಕೆಯ ಕಡ್ಡಿಯನ್ನು ಪೆನ್ಸಿಲಿನುದ್ದಕ್ಕೆ ಮುರಿದು ಒಂದೊಂದರ ಮುಂದೆ ಒಂದೊಂದು ಇಟ್ಟಳು. ಆಮೇಲೆ ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟು ಹೇಳಿದಳು, "ಕೈ ಕಟ್ಟಿ. ಬಾಯಿ ಮುಚ್ಚಿ."

ಮೂರು ತಿಂಗಳ ನಂತರ ಬಂದ ಮಾತು. ಜಗಲಿಯಲ್ಲಿದ್ದ ಮಾಲತೇಶಪ್ಪ ಎದ್ದೇ ನಿಂತ. ನಾನು ಕೈ ಸನ್ನೆ ಮಾಡಿ ಕೂರಿಸಿದೆ. ಅವಳು ಬಗ್ಗಿ ಒಂದೊಂದೇ ಎತ್ತಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡುತ್ತಾ ಹೋದಳು. ಆರು ಎತ್ತು ಮುಗಿಸಿ, ಆರರ ತಲೆಯನ್ನೂ ಸವರಿ, "ಜಾಣಮರೀ..." ಅಂದಳು.

ಆ ರಾಗ ಯಾರದ್ದು ಎಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಇವರು ಮಾಡಿದ್ದು, ಅವರು ತೆಗೆದದ್ದು, ನನಗೆ ತಿಳಿಯದು ಎಂದು ಎಷ್ಟು ಬರೆದಿದ್ದೆ ನೀನು. ಮಗು ಆಟದಲ್ಲಿ ಸುಳ್ಳು ಹೇಳುವುದಿಲ್ಲ ನಯನಾ. ಅವಳ ಗಂಟಲಿಗೆ ಏನೂ ಆಗಿಲ್ಲ. ಬಾಯಿ ಮುಚ್ಚು ಎಂದು ನೀನು ಹೇಳಿದೆ, ಅವಳು ಮುಚ್ಚಿದಳು, ಜಾಣಮರಿ ಎಂದು ಹೊಗಳಿದೆ, ಇನ್ನೂ ಗಟ್ಟಿಯಾಗಿ ಮುಚ್ಚಿಕೊಂಡಳು. ನಾಳೆಯಿಂದ ವ್ಯಾನು ಬರೋದು ಬ್ಯಾಡ ಎಂದು ಮಾಲತೇಶಪ್ಪ ಹೇಳಿದ್ದಾನೆ. ಮಗನ ಹತ್ತಿರ ತಾನೇ ಮಾತಾಡುತ್ತಾನಂತೆ.

ಇಷ್ಟನ್ನು ಬರೆದು ಪತ್ರ ಮುಗಿಸಬಹುದಿತ್ತು. ನಿನ್ನದೇ ತಪ್ಪು ಎಂದು ಸಹಿ ಹಾಕಿ ಹಾಯಾಗಿ ಮಲಗಬಹುದಿತ್ತು. ಆದರೆ ಏಳನೇ ಎತ್ತು ಉಳಿದಿತ್ತು.

ಅದು ನಾನು ಮಾಡಿ ಅವಳು ಕೊಂಬು ಹಚ್ಚಿದ ಎತ್ತು. ಅದರ ಬಾಯಿ ಅವಳು ಒತ್ತಲಿಲ್ಲ. ಎತ್ತಿ ತಂದು ನನ್ನ ತೊಡೆಯ ಮೇಲಿಟ್ಟು, ನನ್ನ ಕಿವಿಯ ಹತ್ತಿರ ಬಂದು, "ಟೀಚರ್, ಇದನ್ನ ಕಳಿಸಬ್ಯಾಡ್ರಿ" ಅಂದಳು. ಇಲ್ಲಮ್ಮ, ಕಳಿಸಲ್ಲ ಅಂದೆ. ಎತ್ತಿನ ಕೊಂಬು ಸರಿಮಾಡುತ್ತಾ ಕೇಳಿದಳು.

"ಮತ್ತ ನನ್ನ ಯಾಕ ಕಳಿಸಿದ್ರಿ?"

ನೋಡು, ಮೂರು ತಿಂಗಳು ಆ ಮಗು ಹೊಟ್ಟೆಯಲ್ಲಿಟ್ಟುಕೊಂಡದ್ದು ಇದು. ನಾನು ಅವಳನ್ನು ಕೊಟ್ಟುಬಿಟ್ಟೆ ಅಂದುಕೊಂಡಿದ್ದಾಳೆ. ನಿನ್ನ ಮೇಲೆ ನನಗಿರುವ ಸಿಟ್ಟೇ ಅವಳಿಗೆ ನನ್ನ ಮೇಲಿದೆ, ಮತ್ತು ಪಟ್ಟಿ ಬರೆದ ಕೈ ನನ್ನದೇ. ಎತ್ತನ್ನು ಸೆರಗಿನಲ್ಲಿಟ್ಟುಕೊಂಡು ಬಂದೆ, ಈಗ ಎದುರಿಗೇ ಇದೆ.

ಅವಳ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ನೀನು. ಹರಿಹರದಿಂದ ಮಲೆಬೆನ್ನೂರಿನ ಬಸ್ಸು ಹತ್ತಿ ಬಾ. ಅಂಗಳದಲ್ಲಿ ನೆಲದ ಮೇಲೆ ಕೂತು, ಕಳಿಸಿದ್ದು ಪ್ರೇಮಲತಾ ಟೀಚರ್ ಅಲ್ಲ, ನಾನು ಎಂದು ಅವಳ ಮುಖ ನೋಡಿ ಹೇಳು. ಪತ್ರದಲ್ಲಿ ಬರೆದು ಕಳಿಸಬೇಡ. ಅವಳಿಗಿನ್ನೂ ಐದು ತುಂಬಿಲ್ಲ, ಓದಲು ಬರುವುದಿಲ್ಲ.

ಪ್ರೇಮಲತಾ